ಸೆರಗಿನ ಮೇಲೊಂದು ಜಾಕೀಟು

ನಮ್ಮ ಸೀಮೆಯಲ್ಲಿ ಚಳಿ ಎಂಬುದು ಗಂಡಸರಿಗೆ, ಮಕ್ಕಳಿಗೆ ಮತ್ತು ಬಾಣಂತಿಯರಿಗೆ ಮಾತ್ರ ಹತ್ತುತ್ತದೆ. ಉಳಿದ ಹೆಣ್ಣುಮಕ್ಕಳಿಗೆ ಹತ್ತುವುದಿಲ್ಲ. ಇದು ಚೇಷ್ಟೆಯ ಮಾತಲ್ಲ. ನಂಬಿಕೆ ಬಾರದಿದ್ದರೆ ನಿಮ್ಮ ಮನೆಯ ಗೂಟ, ಟ್ರಂಕು, ಕಪಾಟುಗಳನ್ನು ಒಮ್ಮೆ ಹುಡುಕಿ ನೋಡಿ. ಮಾವನವರ ಉಣ್ಣೆಯ ಮಫ್ಲರು, ಮಂಕಿ ಟೋಪಿ, ದಪ್ಪನೆಯ ರಗ್ಗು ಸಿಗುತ್ತವೆ. ಯಜಮಾನರ ಜರ್ಕಿನ್ನು ಒಂದಲ್ಲ, ಎರಡು ಸಿಗುತ್ತವೆ; ಒಂದು ಗಾಡಿಯ ಮೇಲೆ ಹೋಗಲಿಕ್ಕೆ, ಇನ್ನೊಂದು ನಾಲ್ಕು ಮಂದಿಯ ನಡುವೆ ನಿಲ್ಲಲಿಕ್ಕೆ. ಮಗನದು ಟೋಪಿ ಹಚ್ಚಿದ ಸ್ವೆಟರು. ಮಗಳದೂ ಒಂದಿರುತ್ತದೆ, ಆದರೆ ಅದು ಅವಳು ಏಳನೆಯ ಇಯತ್ತೆಯಲ್ಲಿದ್ದಾಗ ತಂದದ್ದು. ತೋಳು ಮೊಳಕೈಗೆ ಬಂದಿರುತ್ತದೆ. ಇನ್ನು ನಿಮ್ಮದು? ಹುಡುಕಿದರೆ ಒಂದು ಶಾಲು ಸಿಕ್ಕೀತು. ಅದೂ ಯಾವುದೋ ಸತ್ಕಾರ ಸಮಾರಂಭದಲ್ಲಿ ಯಜಮಾನರ ಹೆಗಲ ಮೇಲೆ ಬಿದ್ದು, ಅವರಿಗೆ ಬೇಡಾಗಿ ನಿಮ್ಮ ಪಾಲಿಗೆ ಬಂದದ್ದು. ಹಿಡಿದರೆ ಬೆರಳು ಆಚೆ ಕಾಣುವಷ್ಟು ತೆಳ್ಳಗೆ, ಜರಿ ಮಾತ್ರ ಭರ್ತಿ.

ಯಾಕೆ ಹೀಗೆ ಎಂದು ಕೇಳಿದರೆ ನಾವೇ ಉತ್ತರ ಕೊಡುತ್ತೇವೆ. "ನಂದೇನ ಬಿಡ್ರಿ, ಸೆರಗ ಐತೆಲ್ಲ!"

ಈ ಸೆರಗಿನ ಮಹಾತ್ಮೆಯನ್ನು ಎಷ್ಟು ಹೇಳಿದರೂ ಸಾಲದು. ಬೆವರು ಒರೆಸಲಿಕ್ಕೆ ಅದು, ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸಲಿಕ್ಕೆ ಅದು, ಕೂಸಿನ ಮೂಗಿಗೆ ಅದು, ಚಿಲ್ಲರೆ ಗಂಟು ಕಟ್ಟಲಿಕ್ಕೆ ಅದು, ಹಿರಿಯರು ಬಂದರೆ ತಲೆಯ ಮೇಲೆ ಹೊರಲಿಕ್ಕೆ ಅದು. ಇಷ್ಟೆಲ್ಲ ದುಡಿದ ಬಳಿಕ ಡಿಸೆಂಬರ್ ತಿಂಗಳ ನಸುಕಿನಲ್ಲಿ ಚಳಿಯನ್ನೂ ತಡೆಯಬೇಕು ಎಂದರೆ ಆ ಒಂದು ಪದರು ಬಟ್ಟೆ ಏನು ಮಾಡೀತು, ಪಾಪ!

ನಾನು ಮೂಡಲಗಿಯಲ್ಲಿ ಹುಟ್ಟಿದವಳು. ಗೋಕಾಕಕ್ಕೆ ಕೊಟ್ಟರು. ನೌಕರಿ ಮಾಡಿದ್ದು ಹುಕ್ಕೇರಿ ತಾಲ್ಲೂಕಿನ ಒಂದು ಶಾಲೆಯಲ್ಲಿ. ಹೀಗಾಗಿ ಈ ಮೂರೂ ಊರುಗಳ ಚಳಿಯನ್ನು ಸೆರಗಿನ ಅಳತೆಯಲ್ಲೇ ಅಳೆದು ನೋಡಿದ್ದೇನೆ. ಮೂಡಲಗಿಯದು ತೇವದ ಚಳಿ. ಧೂಪದಾಳದಿಂದ ಹೊರಟ ಕಾಲುವೆಯ ನೀರು, ಎತ್ತ ನೋಡಿದರೂ ಕಬ್ಬು. ನಸುಕಿನಲ್ಲಿ ಹೊಲದ ಬದುವಿನ ಮೇಲೆ ನಡೆದರೆ ಮೊಣಕಾಲತನಕ ಸೀರೆ ತೊಯ್ದು ಕಾಲಿಗೆ ಹತ್ತಿಕೊಳ್ಳುತ್ತದೆ. ಗೋಕಾಕದ್ದು ಹೊಳೆಯ ಚಳಿ. ಗುಡ್ಡದ ಮಗ್ಗುಲಲ್ಲಿ ಊರು, ಅದರ ಬದಿಗೆ ಘಟಪ್ರಭೆ. ಜಲಪಾತದ ಮೇಲಿನ ತೂಗುಸೇತುವೆಯ ಮೇಲೆ ಜನವರಿಯ ಮುಂಜಾನೆ ನಿಂತು ನೋಡಿ. ನೂರೆಪ್ಪತ್ತು ಅಡಿ ಕೆಳಗಿನಿಂದ ಗಾಳಿ ಏರಿ ಬಂದು ಸೆರಗನ್ನು ಎಲ್ಲಿ ಒಯ್ಯುತ್ತದೆ ಎಂದು ತಿಳಿಯುವುದಿಲ್ಲ. ಹುಕ್ಕೇರಿಯದು ಬಯಲಿನ ಚಳಿ. ಒಂದು ಕಡೆ ಹಿಡಕಲ್ ಜಲಾಶಯದ ನೀರಿನ ಹರವು, ಇನ್ನೊಂದು ಕಡೆ ಸಹ್ಯಾದ್ರಿಯ ಕಡೆಯಿಂದ ಬೀಸುವ ಗಾಳಿ.

"ಏನ್ ಕಾಶ್ಮೀರದಾಗ ಅದೀರೇನ್ರಿ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಒಪ್ಪಿದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಜನವರಿಯ ಸಾಧಾರಣ ಮುಂಜಾನೆ ಎಂದರೆ 14-15 ಡಿಗ್ರಿ ಸೆಲ್ಸಿಯಸ್, ಕೆಲವು ದಿನ ಅದಕ್ಕೂ ಕೆಳಗೆ. ಮಧ್ಯಾಹ್ನ ಅದೇ ದಿನ 29-30ಕ್ಕೆ ಏರುತ್ತದೆ. ಅಂದರೆ ಎಂಟು ಗಂಟೆಯ ಅವಧಿಯಲ್ಲಿ ಹದಿನೈದು ಡಿಗ್ರಿ ವ್ಯತ್ಯಾಸ. ಈ ಏರಿಳಿತವನ್ನೇ ಮುಂದೆ ಮಾಡಿ ನಮ್ಮ ಜನ ವಾದಿಸುತ್ತಾರೆ, "ಹನ್ನೊಂದಕ್ಕ ಬಿಸಲ ಬಿದ್ದಮ್ಯಾಲ ಆ ಸ್ವೆಟರ್ ಹೊತಗೊಂಡ ತಿರಗೂದ ಯಾರು?" ಎಂದು. ಇಲ್ಲೇ ಅವರ ವಾದ ಅವರ ಕಾಲಿಗೇ ತೊಡರುತ್ತದೆ. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು ಇರುವ ಸೀಮೆಯಲ್ಲಿ ಬೇಕಾದದ್ದು ಒಂದು ದಪ್ಪ ಬಟ್ಟೆಯೂ ಅಲ್ಲ, ಒಂದು ತೆಳು ಬಟ್ಟೆಯೂ ಅಲ್ಲ. ಉಳ್ಳಾಗಡ್ಡಿಯ ಹಾಗೆ ಪದರು ಪದರಾಗಿ ತೊಟ್ಟು, ಹೊತ್ತು ಏರಿದಂತೆ ಒಂದೊಂದೇ ಬಿಚ್ಚಿ ಚೀಲಕ್ಕೆ ಹಾಕುವಂತಹದು ಬೇಕು.

ಪ್ಯಾಟೆಯ ಹುಡುಗರು ಈಚೆಗೆ ಉಬ್ಬಿದ ಗಾದಿಯಂತಹ ಜಾಕೆಟ್ಟು ಹಾಕಿಕೊಂಡು ಬಸ್ ನಿಲ್ದಾಣದಲ್ಲಿ ನಿಲ್ಲುತ್ತಾರೆ. ಹತ್ತೂವರೆಗೆ ಹಣೆಯ ಮೇಲೆ ಬೆವರು ಇಳಿಯುತ್ತಿರುತ್ತದೆ, ಬಿಚ್ಚಲಾರರು. ಬಿಚ್ಚಿದರೆ ಒಳಗೆ ಒಂದು ಹರಕು ಬನಿಯನ್ನು. ಅದು ಚಳಿಯ ಬಟ್ಟೆಯಲ್ಲ, ದೌಲತ್ತು. ಇರಲಿ, ಅವರ ಸುದ್ದಿ ನಮಗೆ ಬೇಡ.

ಪದರಿನ ವಿದ್ಯೆಯನ್ನು ಯಾರೋ ಪರದೇಶದವರು ಬಂದು ನಮಗೆ ಕಲಿಸಬೇಕಾಗಿಲ್ಲ. ಅದು ನಮ್ಮ ಮನೆಯಲ್ಲೇ ಇದೆ, ಮಡಿಚಿ ಗಳದ ಮೇಲೆ ಹಾಕಿದೆ. ಅದರ ಹೆಸರು ಕೌದಿ. ಕೌದಿ ಬೆಚ್ಚಗಿರುವುದು ಯಾತಕ್ಕೆ? ಅದರಲ್ಲಿ ಉಣ್ಣೆಯಿಲ್ಲ, ಹತ್ತಿ ತುಂಬಿಲ್ಲ. ಇರುವುದೆಲ್ಲ ಹರಿದ ಸೀರೆ, ಹಳೆಯ ಧೋತರ, ತೊಟ್ಟು ಬಿಟ್ಟ ಅಂಗಿ, ಪರಕಾರದ ತುಂಡು. ಆದರೂ ಮಾಗಿಯ ರಾತ್ರಿಯನ್ನು ಕಳೆಸುತ್ತದೆ. ಒಂದರ ಮೇಲೊಂದು ಹಾಸಿ ಸಣ್ಣ ಸಣ್ಣ ಹೊಲಿಗೆ ಹಾಕಿದಾಗ ಪದರುಗಳ ನಡುವೆ ಗಾಳಿ ಸಿಕ್ಕಿಕೊಂಡು ಅಲ್ಲಾಡದೆ ಕೂಡುತ್ತದೆ. ಆ ನಿಂತ ಗಾಳಿಯೇ ಮೈಯ ಬಿಸಿಯನ್ನು ಹೊರಗೆ ಬಿಡದೆ ಹಿಡಿಯುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಇದನ್ನು ಓದಿ ಮಕ್ಕಳಿಗೆ ಪಾಠ ಮಾಡಿದ ನಾನು, ಮನೆಗೆ ಬಂದು ಅತ್ತೆಯವರ ಕೌದಿಯನ್ನು ಮುಟ್ಟಿದಾಗ, ಅಕ್ಷರ ಬಾರದ ಈ ಹೆಣ್ಣುಮಗಳಿಗೆ ಆ ಪಾಠ ಎಷ್ಟೋ ವರ್ಷ ಮೊದಲೇ ತಿಳಿದಿತ್ತಲ್ಲ ಎಂದು ಬೆರಗಾಗುತ್ತಿದ್ದೆ.

ಎವರೆಸ್ಟ್ ಏರಲು ಹೋಗಿ 1924ರಲ್ಲಿ ಕಾಣೆಯಾದ ಜಾರ್ಜ್ ಮ್ಯಾಲರಿ ಎಂಬ ಇಂಗ್ಲೆಂಡಿನವನ ದೇಹ 1999ರಲ್ಲಿ ಸಿಕ್ಕಿತು. ಅವನ ಮೈಮೇಲೆ ಇದ್ದದ್ದು ದೊಡ್ಡ ಗಾದಿಕೋಟಲ್ಲ. ರೇಷ್ಮೆ, ಹತ್ತಿ, ಉಣ್ಣೆಯ ತೆಳು ಬಟ್ಟೆಗಳು, ಒಂದರ ಮೇಲೊಂದು. ಅದೇ ತರಹದ ಬಟ್ಟೆಗಳನ್ನು ಹೊಸದಾಗಿ ಮಾಡಿಸಿ 2006ರಲ್ಲಿ ಆ ಪರ್ವತದ ಮೇಲೇ ತೊಟ್ಟು ಪರೀಕ್ಷಿಸಿದರು. ಹಗುರವೂ ಹೌದು, ಬೆಚ್ಚಗೂ ಹೌದು ಎಂದು ಮೆಚ್ಚಿದರು. ನನಗೆ ಅದನ್ನು ಓದಿದಾಗ ನಗು ಬಂತು. ಪರ್ವತ ಏರಿದವನದೂ ಕೌದಿಯ ಲೆಕ್ಕವೇ!

ಈಗ ನನ್ನ ತಕರಾರು ಏನೆಂದರೆ, ಏಳು ಪದರು ಹಾಸಿ ಮನೆಯ ಮಂದಿಗೆಲ್ಲ ಕೌದಿ ಹೊಲಿಯುವ ಕೈ, ತನ್ನ ಮೈಮೇಲೆ ಒಂದೇ ಪದರು ಇಟ್ಟುಕೊಂಡು ನಸುಕಿನಲ್ಲಿ ಅಂಗಳಕ್ಕೆ ಹೋಗುವುದು ಏಕೆ? ತಣ್ಣೀರಿನಲ್ಲಿ ಕೈ ಅದ್ದಿ ಅಂಗಳ ಸಾರಿಸುವವಳು ಅವಳು, ಭಾಂಡೆ ತಿಕ್ಕುವವಳು ಅವಳು, ಹಿಂಡುವವಳು ಅವಳು. ಎಲ್ಲರಿಗಿಂತ ಮೊದಲು ಚಳಿಗೆ ಮೈ ಒಡ್ಡುವವಳು ಅವಳು, ಎಲ್ಲರಿಗಿಂತ ಕಡಿಮೆ ಬಟ್ಟೆ ಅವಳದು. ಇದು ಬಡತನದ ಮಾತೂ ಅಲ್ಲ. ಬಡತನದ ಮಾತಾಗಿದ್ದರೆ ಎಲ್ಲರಿಗೂ ಇಲ್ಲದಿರಬೇಕಿತ್ತು.

ನಮ್ಮ ಅವ್ವನ ಸುದ್ದಿ ಹೇಳುತ್ತೇನೆ. ಮೂಡಲಗಿಯ ನಮ್ಮ ಮನೆಯಲ್ಲಿ ನಾಲ್ಕು ಎಮ್ಮೆ. ಅವ್ವ ನಸುಕಿನ ನಾಲ್ಕಕ್ಕೆ ಏಳುವವಳು. ಅವಳಿಗೆ ದಮ್ಮಿನ ಕಾಯಿಲೆ ಇತ್ತು. ದೀಪಾವಳಿ ದಾಟಿದರೆ ಶಿವರಾತ್ರಿಯತನಕ ಎದೆ ಗೊರಗುಡುತ್ತಿತ್ತು. ದಮ್ಮಿನವರಿಗೆ ತಣ್ಣನೆಯ ಗಾಳಿ ನೇರ ಎದೆಗೆ ಹೋದರೆ ಕೆರಳುತ್ತದೆ ಎಂಬುದನ್ನು ಯಾವ ಡಾಕ್ಟರರನ್ನು ಕೇಳಿದರೂ ಹೇಳುತ್ತಾರೆ. ಒಂದು ಮಾಗಿಯಲ್ಲಿ ಎಮ್ಮೆ ಈದಿತು. ಕರುವಿಗೆ ಚಳಿ ಹತ್ತೀತೆಂದು ಅಪ್ಪ ಎರಡು ಗೋಣಿಚೀಲ ಸೇರಿಸಿ ಹೊಲಿದು ಕರುವಿನ ಬೆನ್ನಿಗೆ ಕಟ್ಟಿದರು. ಅಪ್ಪ ಕೆಟ್ಟವರಲ್ಲ, ಕರುವಿನ ಮೇಲೆ ಜೀವ ಇಟ್ಟವರು, ಅವ್ವನ ಮೇಲೂ ಇಟ್ಟವರೇ. ಅವರ ಹೆಗಲ ಮೇಲೆ ಕಂಬಳಿ ಇತ್ತು. ಕರುವಿನ ಮೇಲೆ ಗೋಣಿಯಿತ್ತು. ನಡುವೆ ಕುಕ್ಕರುಗಾಲಲ್ಲಿ ಕೂತು ಕೆಮ್ಮುತ್ತ ಹಾಲು ಹಿಂಡುವ ಅವ್ವನ ಮೈಮೇಲೆ ಒಂದು ನೂಲಿನ ಸೀರೆ. ಆ ಮೂವರನ್ನೂ ಒಟ್ಟಿಗೆ ನೋಡಿದ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಅವ್ವನಿಗೂ ಅನಿಸಲಿಲ್ಲ. ಅವಳು ಹೋಗಿ ಹಲವು ವರ್ಷಗಳಾದವು. ಅವಳ ಟ್ರಂಕಿನಲ್ಲಿ ಹನ್ನೊಂದು ಸೀರೆ, ಒಂಬತ್ತು ಹೊಲಿಸದ ಖಣ ಸಿಕ್ಕವು. ಬೆಚ್ಚನೆಯದು ಅಂತ ಒಂದು ಚಿಂದಿಯೂ ಇರಲಿಲ್ಲ.

ಆ ಖಣಗಳ ಬಗ್ಗೆಯೂ ನನಗೆ ಸಿಟ್ಟಿದೆ. ಹೆಣ್ಣುಮಗಳಿಗೆ ಉಡಿ ತುಂಬುವಾಗ ಗುಳೇದಗುಡ್ಡದ ಖಣ ಕೊಡುತ್ತೇವೆ, ಅಕ್ಕಿ, ಕೊಬ್ಬರಿ, ಅರಿಷಿಣದ ಕೊನೆ ಹಾಕುತ್ತೇವೆ. ಶೀಗೀ ಹುಣ್ಣಿಮೆಯಲ್ಲಿ ಬಸಿರಾದ ಭೂಮಿಗೂ ಉಡಿ ತುಂಬುವ ಜನ ನಾವು. ಆದರೆ ಉಡಿಯಲ್ಲಿ ಒಂದು ಉಣ್ಣೆಯ ಬಟ್ಟೆ ಬಿದ್ದದ್ದನ್ನು ನಾನು ಈ ವಯಸ್ಸಿನ ತನಕ ನೋಡಿಲ್ಲ.

ಹೆಣ್ಣಿನ ಚಳಿಯನ್ನು ನಮ್ಮವರು ಒಪ್ಪುವುದು ಜೀವಮಾನದಲ್ಲಿ ಒಂದೇ ಕಾಲಕ್ಕೆ. ಅದು ಬಾಣಂತನ. ಆಗ ನೋಡಿ, ತಲೆಗೆ ಸ್ಕಾರ್ಫು, ಕಿವಿಗೆ ಅರಳೆ, ಕಾಲಿಗೆ ಕಾಲುಚೀಲ, ಮಂಚದ ಕೆಳಗೆ ಕೆಂಡದ ಬೋಗುಣಿ, ಮೇಲೆ ಕಂಬಳಿ, ಬಾಗಿಲು ಸಂದಿಗೆ ಚಿಂದಿ ತುರುಕುವುದು ಬೇರೆ. ಗಾಳಿ ತಾಗೀತು, ಥಂಡಿ ಆದೀತು ಎಂದು ಮನೆಮಂದಿಯೆಲ್ಲ ಕಾವಲು. ನಲವತ್ತು ದಿನ ದಾಟಿತೋ, ಅದೇ ಮೈ ಒಮ್ಮೆಲೇ ಗಟ್ಟಿಯಾಗಿಬಿಡುತ್ತದೆ! ಸ್ಕಾರ್ಫು ಬಿಚ್ಚಿ, ಹಿತ್ತಲಿನ ತಣ್ಣೀರಿಗೆ ಕಳುಹಿಸುತ್ತಾರೆ. ಆ ನಲವತ್ತು ದಿನ ಕಾಯ್ದದ್ದು ಅವಳನ್ನೋ ಅವಳ ಎದೆಯ ಹಾಲನ್ನೋ, ನೀವೇ ಹೇಳಿ.

ಕಂಬಳಿಯ ಮಾತು ಬಂತು. ನಮ್ಮ ಹಾಲುಮತದವರ ಕಂಬಳಿಯಂತಹ ಬಟ್ಟೆ ಇನ್ನೊಂದಿಲ್ಲ. ದಖನಿ ಕುರಿಯ ಒರಟು ಉಣ್ಣೆ, ಕುಣಿಮಗ್ಗದ ಮೇಲೆ ನೇಯ್ಗೆ, ಹುಣಸೆಬೀಜದ ಸರಿ ಬಳಿದು ಬಿರುಸು ಮಾಡಿದ್ದು. ಉಣ್ಣೆಯ ಗುಣವೇ ಹಾಗೆ, ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಹತ್ತಿ ಹಾಗಲ್ಲ, ತೊಯ್ದರೆ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕುರುಬ ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಯಲ್ಲೂ ಬಯಲಲ್ಲಿ ನಿಲ್ಲುವುದು ಈ ಗುಣದಿಂದ. ಅದೇ ಉಣ್ಣೆಗೆ ಈಗ ಕೇಳುವವರು ಕಡಿಮೆ. ಕುರಿ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಎಂದು ಕುರಿಗಾರರು ಗೋಳಾಡುತ್ತಾರೆ. ಗೋಕಾಕದ ಗಿರಣಿ 1880ರ ದಶಕದಲ್ಲಿ ಶುರುವಾದದ್ದು, ಹೊಳೆಯ ನೀರಿನ ಬಲದಿಂದ ನೂಲು ತೆಗೆದದ್ದು. ಒಂದು ಕಡೆ ನೂಲು, ಇನ್ನೊಂದು ಕಡೆ ಉಣ್ಣೆ, ಮನೆ ಮನೆಯಲ್ಲಿ ಕೌದಿ ಹೊಲಿಯುವ ಸೂಜಿ. ಇಷ್ಟಿದ್ದೂ ಒಬ್ಬ ಹೆಣ್ಣುಮಗಳ ಬೆನ್ನು ಮುಚ್ಚುವ ಒಂದು ಜಾಕೀಟನ್ನು ಈ ಸೀಮೆ ಹೊಲಿಯಲಿಲ್ಲ.

ಜಾಕೀಟು ಎಂದರೆ ನಮ್ಮ ಕಡೆ ಗೌಡರದು. ಧೋತರ, ಅಂಗಿ, ಅದರ ಮೇಲೆ ತೋಳಿಲ್ಲದ ಜಾಕೀಟು, ಕಿಸೆಯಲ್ಲಿ ಅಡಕಿಚೀಲ. ಹಳೇ ಮೈಸೂರಿನ ಕಡೆಯ ನನ್ನ ಗೆಳತಿಯೊಬ್ಬಳು ಮೊದಲ ಸಲ ನಮ್ಮ ಮನೆಗೆ ಬಂದಾಗ, "ನನ್ನ ಜಾಕೀಟು ಒಣಗಿದೆಯೇ ನೋಡಿ" ಎಂದಳು. ನಾವೆಲ್ಲ ಕಣ್ಣು ಬಿಟ್ಟೆವು. ಅವಳು ಕೇಳಿದ್ದು ಕುಬಸವನ್ನು! ಅವರ ಕಡೆ ಕುಬಸಕ್ಕೇ ಜಾಕೀಟು ಎನ್ನುತ್ತಿದ್ದರು. ಒಂದೇ ಮಾತು ಅಲ್ಲಿ ಹೆಣ್ಣಿನ ಮೈಮೇಲೆ, ಇಲ್ಲಿ ಗಂಡಿನ ಮೈಮೇಲೆ. ಬಟ್ಟೆಗೆ ಜಾತಿ ಲಿಂಗ ಹಚ್ಚಿದವರು ನಾವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? 1860ರ ದಶಕದಲ್ಲಿ ಬಂಗಾಳದ ಠಾಕೂರರ ಮನೆಯ ಸೊಸೆ ಜ್ಞಾನದಾನಂದಿನಿ ದೇವಿ ಮುಂಬಯಿಗೆ ಹೋಗಿಬಂದು ಸೀರೆಯ ಜೊತೆ ರವಿಕೆ ತೊಡುವ ರೂಢಿಯನ್ನು ಅಲ್ಲಿ ಹರಡಿದಳು. ಅಲ್ಲಿಯ ಹೆಣ್ಣುಮಕ್ಕಳಿಗೆ ಅಂದು ರವಿಕೆಯೇ ಹೊಸದು. ಇಂದು ರವಿಕೆಯಿಲ್ಲದ ಸೀರೆಯನ್ನು ಊಹಿಸಿಕೊಳ್ಳಲಿಕ್ಕೂ ನಮಗೆ ನಾಚಿಕೆ.

ಸೀರೆಯ ಮೇಲೆ ಜಾಕೀಟು ತೊಟ್ಟರೆ ಚೆಂದ ಕಾಣುವುದಿಲ್ಲ ಎನ್ನುವವರಿಗೆ ನಾನು ಎರಡು ಕಡೆ ಬೊಟ್ಟು ತೋರಿಸುತ್ತೇನೆ. ಒಂದು, ಇಂದಿರಾ ಗಾಂಧಿಯವರ ಹಳೆಯ ಫೋಟೋಗಳು. ಪರದೇಶದ ಚಳಿಯಲ್ಲಿ ಸೀರೆಯ ಮೇಲೆ ಉದ್ದನೆಯ ಕೋಟು ತೊಟ್ಟು ವಿಮಾನದಿಂದ ಇಳಿದವರು ಅವರು. ದೇಶದ ಮಾನವೇನೂ ಹೋಗಲಿಲ್ಲ. ಎರಡನೆಯದನ್ನು ನೋಡಲಿಕ್ಕೆ ಫೋಟೋ ಬೇಡ, ಕಬ್ಬಿನ ಹೊಲಕ್ಕೆ ಹೋದರೆ ಸಾಕು.

ಕಬ್ಬು ಕಡಿಯುವ ಹಂಗಾಮು ನಮ್ಮಲ್ಲಿ ಚಳಿಯ ಜೊತೆಗೇ ಬರುತ್ತದೆ. ಆ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ತುಂಬುತೋಳಿನ ಹಳೆಯ ಅಂಗಿ ತೊಟ್ಟಿರುತ್ತಾರೆ. ಸೆರಗನ್ನು ಒಳಗೆ ಬಿಗಿದು, ಮೇಲೆ ಗುಂಡಿ ಹಾಕಿ, ತಲೆಗೆ ಟವೆಲ್ಲು ಸುತ್ತಿರುತ್ತಾರೆ. ಕಬ್ಬಿನ ರವದಿ ಕೈ ಕೊಯ್ಯದಿರಲಿ, ನಸುಕಿನ ಚಳಿ ಹತ್ತದಿರಲಿ, ಸೆರಗು ಕೊಯ್ತಕ್ಕೆ ಅಡ್ಡ ಬರದಿರಲಿ ಎಂದು ಒಂದೇ ಅಂಗಿಯಲ್ಲಿ ಮೂರು ಕೆಲಸ ಮುಗಿಸಿದ ಜಾಣೆಯರು ಅವರು. ಹೊತ್ತು ಏರಿದರೆ ಬಿಚ್ಚಿ ಸೊಂಟಕ್ಕೆ ಕಟ್ಟುತ್ತಾರೆ. ಪೇಟೆಯ ನಾವು ಇದನ್ನು ನೋಡಿ ಏನನ್ನುತ್ತೇವೆ? "ಕೂಲ್ಯಾರ ವೇಷ" ಎನ್ನುತ್ತೇವೆ.

ನಿಜವಾದ ಗುಟ್ಟು ಇರುವುದು ಇಲ್ಲಿ. ನಮ್ಮನ್ನು ತಡೆಯುವುದು ನಾಚಿಕೆಯಲ್ಲ, ದುಡ್ಡಲ್ಲ, ಸೀರೆಯ ಚೆಲುವಲ್ಲ. ಅಂಗಿ ತೊಟ್ಟರೆ ಕೂಲಿಯವಳ ಹಾಗೆ ಕಂಡೇವು ಎಂಬ ಭಯ. ಚಳಿಯಲ್ಲಿ ನಡುಗಿದರೂ ಚಿಂತೆಯಿಲ್ಲ, "ಸಾಹುಕಾರರ ಮನಿ ಸೊಸಿ" ಹಾಗೆ ಕಾಣಬೇಕು. ಕಬ್ಬು ಕಡಿಯುವ ಹೆಣ್ಣುಮಗಳು ಬೆಚ್ಚಗಿದ್ದಾಳೆ, ಆ ಕಬ್ಬಿನ ಬಿಲ್ಲು ಎಣಿಸುವ ಮನೆಯ ಹೆಣ್ಣುಮಗಳು ಕಟ್ಟೆಯ ಮೇಲೆ ನಡುಗುತ್ತಿದ್ದಾಳೆ. ಮರ್ಯಾದೆ ಎಂದರೆ ಇದೇ ಆದರೆ ಅದನ್ನು ಯಾರಿಗಾದರೂ ಕೊಟ್ಟುಬಿಡಿ.

ನಾನು ಮೊದಲ ಸಲ ನಮ್ಮ ಮನೆಯವರ ಜರ್ಕಿನ್ನು ಹಾಕಿಕೊಂಡು ಶಾಲೆಗೆ ಹೋದ ದಿನ ಹಿರಿಯ ಮಾಸ್ತರರೊಬ್ಬರು, "ಏನ್ರಿ ಅಕ್ಕಾರ, ಇವತ್ತ ಪೊಲೀಸ್ ಭರ್ತಿಗೆ ಹೊಂಟೀರೇನು?" ಎಂದರು. ಸ್ಟಾಫ್ ರೂಮಿನಲ್ಲಿ ನಗೆಯೋ ನಗೆ. ಅವರ ಕುತ್ತಿಗೆಗೆ ಮಫ್ಲರು, ತಲೆಗೆ ಟೋಪಿ, ಮೈಗೆ ಸ್ವೆಟರು, ಅದರ ಮೇಲೆ ಕೋಟು. "ಮಾಸ್ತರ, ನಾಲ್ಕ ಹೊತಗೊಂಡ ನೀವು ಒಂದ ಹೊತಗೊಂಡ ನನ್ನ ನೋಡಿ ನಗತೀರಲ್ಲ" ಎಂದೆ. ಅವರು ಸಿಟ್ಟಾಗಲಿಲ್ಲ, ಆದರೆ ಎರಡು ದಿನ ಮಾತಾಡಿಸಲೂ ಇಲ್ಲ. ನನಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಅದೇ ನೋಡಿ, ಬಸ್ಸಿನ ಮಹಿಳಾ ಕಂಡಕ್ಟರು ಸೀರೆಯ ಮೇಲೆ ಖಾಕಿ ಕೋಟು ತೊಟ್ಟರೆ ಯಾರೂ ನಗುವುದಿಲ್ಲ. ದವಾಖಾನೆಯ ಡಾಕ್ಟರಮ್ಮ ಬಿಳಿ ಕೋಟು ತೊಟ್ಟರೆ ನಗುವುದಿಲ್ಲ, ಕೈ ಮುಗಿಯುತ್ತಾರೆ. ಕೆಲಸ ತೊಡಿಸಿದ ಕೋಟಿಗೆ ಮಾನವಿದೆ, ಚಳಿ ಹತ್ತಿತೆಂದು ತಾನೇ ತೊಟ್ಟ ಕೋಟಿಗೆ ಇಲ್ಲ.

ಇನ್ನು ತೊಡುವ ಬಗೆ. ವಾದವನ್ನಷ್ಟೇ ಮಾಡಿ ಬಿಟ್ಟರೆ ನಿಮ್ಮ ಚಳಿ ಹೋಗುವುದಿಲ್ಲ. ನಾನು ಹಲವು ಮಾಗಿಗಳಲ್ಲಿ ಗೋಕಾಕದಿಂದ ಹುಕ್ಕೇರಿಯ ಕಡೆ ಮುಂಜಾನೆಯ ಬಸ್ಸು ಹಿಡಿದು, ಮುಚ್ಚಲಾರದ ಕಿಟಕಿಯ ಪಕ್ಕ ಕೂತು ಕಲಿತದ್ದನ್ನು ಹೇಳುತ್ತೇನೆ. ಮೊದಲನೆಯ ಪದರು ಕುಬಸವೇ. ಚಳಿಗಾಲಕ್ಕೆಂದೇ ಎರಡು ಕುಬಸ ಮುಂಗೈಯವರೆಗೆ ತೋಳಿಟ್ಟು, ಬೆನ್ನು ಮೇಲಕ್ಕೆ ಏರಿಸಿ ಹೊಲಿಸಿಕೊಳ್ಳಿ. ಕೊಡಗಿನ ಹೆಣ್ಣುಮಕ್ಕಳ ಹಳೆಯ ಉಡುಗೆಯಲ್ಲಿ ರವಿಕೆಗೆ ಉದ್ದ ತೋಳು, ತಲೆಗೆ ವಸ್ತ್ರ ಇರುವುದು ಸುಮ್ಮನೆ ಅಲ್ಲ. ನಾವು ಮಾತ್ರ ಬೇಸಿಗೆಗೂ ಮಾಗಿಗೂ ಒಂದೇ ಗಿಡ್ಡ ತೋಳು, ಬೆನ್ನೆಲ್ಲ ಬಯಲು.

ಎರಡನೆಯ ಪದರು ಉಣ್ಣೆಯ ಸ್ವೆಟರು. ಮುಂದೆ ಗುಂಡಿ ಇರುವುದನ್ನೇ ಆರಿಸಿ. ತಲೆಯ ಮೇಲಿಂದ ಇಳಿಸುವ ಸ್ವೆಟರು ಗಂಡುಮಕ್ಕಳಿಗೆ ಸರಿ. ನಮ್ಮ ತುರುಬು, ಹೂವು, ಕಿವಿಯ ಜುಮುಕಿ, ತಾಳಿಸರ ಎಲ್ಲವನ್ನೂ ಅದು ಎಳೆದುಕೊಂಡೇ ಹೋಗುತ್ತದೆ. ಗುಂಡಿ ಇದ್ದರೆ ಬಸ್ಸಿನಲ್ಲೇ ಎದ್ದು ನಿಲ್ಲದೆ ಬಿಚ್ಚಬಹುದು. ಉದ್ದ ಸೊಂಟದ ಕೆಳಗೆ ಒಂದು ಗೇಣು ಸಾಕು. ಅದಕ್ಕಿಂತ ಉದ್ದವಾದರೆ ನಿರಿಗೆ ಮುಚ್ಚಿ ನಡಿಗೆ ತೊಡರುತ್ತದೆ, ಗಿಡ್ಡವಾದರೆ ಸೊಂಟಕ್ಕೆ ಗಾಳಿ. ತೋಳಿನ ತುದಿ ಸಡಿಲ ಇರಲಿ, ಇಲ್ಲವಾದರೆ ಹಸಿರು ಬಳೆ ಒಂದೊಂದಾಗಿ ಒಡೆಯುತ್ತವೆ.

ಸೆರಗು ಒಳಗೋ ಹೊರಗೋ ಎಂಬ ಬಗ್ಗೆ ನಮ್ಮ ಗೆಳತಿಯರಲ್ಲಿ ಎರಡು ಪಂಗಡ. ಸೆರಗು ಒಳಗಿರಲಿ ಎನ್ನುವ ಪಂಗಡದವಳು ನಾನು. ಹಿಡಿದುಕೊಳ್ಳುವ ಕೆಲಸ ತಪ್ಪುತ್ತದೆ, ಎರಡೂ ಕೈ ಖಾಲಿ. ಆದರೆ ಇಳಕಲ್ ಸೀರೆ ಉಟ್ಟ ದಿನ ಅದರ ತೋಪಿನ ಸೆರಗನ್ನು ಮುಚ್ಚಿದರೆ ಉಟ್ಟು ಏನು ಬಂತು? ಅಂದು ಸ್ವೆಟರನ್ನು ಮೊದಲು ತೊಟ್ಟು, ಸೆರಗನ್ನು ಅದರ ಮೇಲಿಂದ ಇಳಿಬಿಟ್ಟು ಹೆಗಲಿಗೆ ಒಂದು ಪಿನ್ನು ಹಾಕುತ್ತೇನೆ. ಬಣ್ಣ ಸೀರೆಗೆ ಸರಿಹೊಂದುವುದೇ ಬೇಕೆಂದು ಹುಡುಕುತ್ತ ಕೂಡಬೇಡಿ. ಕಪ್ಪು, ಬೂದಿ, ಕಂದು, ಗಾಢ ನೀಲಿ. ಇವುಗಳಲ್ಲಿ ಒಂದು ಇದ್ದರೆ ಹತ್ತು ಸೀರೆಗೆ ಆಗುತ್ತದೆ. ಹೂವಿನ ಸೀರೆಯ ಮೇಲೆ ಹೂವಿನ ಸ್ವೆಟರು ಮಾತ್ರ ಬೇಡ, ಸಂತೆಯ ಗೊಂಬೆಯಂತೆ ಕಾಣುತ್ತದೆ.

ಮೂರನೆಯದು ಗಾಳಿ ತಡೆಯುವ ತೆಳ್ಳನೆಯ ಜರ್ಕಿನ್ನು. ಬಸ್ಸಿಗೂ ಸ್ಕೂಟಿಗೂ ಇದು ಬೇಕೇ ಬೇಕು. ಉಣ್ಣೆ ಎಷ್ಟೇ ಬೆಚ್ಚಗಿದ್ದರೂ ಹೆಣಿಗೆಯ ಕಣ್ಣುಗಳಿಂದ ಗಾಳಿ ನುಗ್ಗುತ್ತದೆ. ಗಾಳಿ ನುಗ್ಗಿದರೆ ಪದರಿನ ನಡುವೆ ನಿಂತ ಬಿಸಿ ಹೋಗಿಬಿಡುತ್ತದೆ. ಕೈಯಲ್ಲಿ ಮುದುಡಿದರೆ ಒಂದು ಸೇಬಿನಷ್ಟಾಗುವ ಜರ್ಕಿನ್ನು ಈಗ ಎಲ್ಲ ಕಡೆ ಸಿಗುತ್ತದೆ. ಸ್ಕೂಟಿ ಹೊಡೆಯುವ ನಮ್ಮ ಹುಡುಗಿಯರಿಗೆ ಇದರಿಂದ ಇನ್ನೊಂದು ಉಪಕಾರ: ಸೆರಗು, ಓಢಣಿ ಹಾರಿ ಗಾಲಿಗೆ ಸುತ್ತಿಕೊಳ್ಳುವ ಅಪಾಯ ತಪ್ಪುತ್ತದೆ. ಓಢಣಿ ಗಾಲಿಯಲ್ಲಿ ಸಿಕ್ಕಿ ಬಿದ್ದವರ ಸುದ್ದಿ ಕೇಳದ ಊರಿದೆಯೇ?

ಹನ್ನೊಂದಕ್ಕೆ ಜರ್ಕಿನ್ನು ಚೀಲಕ್ಕೆ, ಹನ್ನೆರಡಕ್ಕೆ ಸ್ವೆಟರು ಚೀಲಕ್ಕೆ. ಸಂಜೆ ಐದಕ್ಕೆ ಮತ್ತೆ ಒಂದೊಂದಾಗಿ ಮೈಮೇಲೆ.

ಕಿಸೆಯ ಬಗ್ಗೆ ಹೇಳದಿದ್ದರೆ ಈ ಪ್ರಬಂಧ ಬರೆದೂ ವ್ಯರ್ಥ. ಗಂಡಸರ ಜರ್ಕಿನ್ನಿಗೆ ಹೊರಗೆ ಎರಡು, ಒಳಗೆ ಎರಡು ಕಿಸೆ. ಹೆಣ್ಣುಮಕ್ಕಳದೆಂದು ಮಾರುವ ಸ್ವೆಟರಿಗೆ ಮಣಿ ಇರುತ್ತದೆ, ಕಸೂತಿ ಇರುತ್ತದೆ, ಬೆಕ್ಕಿನ ಚಿತ್ರ ಇರುತ್ತದೆ, ಕಿಸೆ ಇರುವುದಿಲ್ಲ. ಇದ್ದರೂ ಬಾಯಿ ಹೊಲಿದ ತೋರಿಕೆಯ ಕಿಸೆ. ಹೆಣ್ಣುಮಗಳ ಬಳಿ ಇಟ್ಟುಕೊಳ್ಳುವಂತಹದು ಏನಿರುತ್ತದೆ ಎಂಬ ಎಣಿಕೆ ಅದು. ಬೀಗದ ಕೈ ಸೊಂಟಕ್ಕೆ, ದುಡ್ಡು ಕುಬಸದೊಳಗೆ, ಮೊಬೈಲು ಕೈಯಲ್ಲಿ ಹಿಡಿದು ಬಸ್ಸಿನ ಕಂಬಕ್ಕೆ ಜೋತುಬೀಳುವ ಕಷ್ಟ ಹೊಲಿಯುವವರಿಗೆ ಗೊತ್ತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸು ನಮಗೆ ಉಚಿತವಾಯಿತು. ಮುಂಜಾನೆಯ ಬಸ್ಸುಗಳಲ್ಲಿ ಈಗ ಹೆಣ್ಣುಮಕ್ಕಳೇ ತುಂಬಿರುತ್ತಾರೆ. ಕಂಡಕ್ಟರರಿಗೆ ಗುರುತಿನ ಚೀಟಿ ತೋರಿಸಬೇಕು, ಕೊಟ್ಟ ಶೂನ್ಯ ಟಿಕೀಟನ್ನು ಇಳಿಯುವತನಕ ಕಾಯಬೇಕು. ಆ ಎರಡನ್ನೂ ಇಡಲಿಕ್ಕೆ ಮೈಮೇಲೆ ಒಂದು ಜಾಗ ಬೇಡವೇ?

ಅಂತಹ ಒಂದು ಜಾಕೀಟು ಹೊಲಿಸೋಣ ಎಂದು ಹೋದೆ. ಗೋಕಾಕದ ಜೆಂಟ್ಸ್ ಟೇಲರ್ ಒಬ್ಬರು, "ಅಕ್ಕಾರ, ನಾವು ಹೆಣ್ಣಮಕ್ಕಳ ಅಳತಿ ತಗೊಳ್ಳಂಗಿಲ್ಲರಿ" ಎಂದರು. ಲೇಡೀಸ್ ಟೇಲರ್ ಬಳಿ ಹೋದರೆ, "ಕೋಟು ಜಾಕೀಟು ನಮಗ ಬರಂಗಿಲ್ಲರಿ, ಜೆಂಟ್ಸ್‌ನವರ ಹತ್ರ ಹೋಗ್ರಿ" ಎಂದಳು. ಇಬ್ಬರ ನಡುವಿನ ರಸ್ತೆಯಲ್ಲಿ ನಿಂತಾಗ ನನಗೆ ತಿಳಿಯಿತು, ನಮ್ಮ ಚಳಿಗೆ ಅಂಗಡಿಯೇ ಇಲ್ಲ ಎಂದು. ಕೊನೆಗೆ ಅವ್ವನ ಮೂರು ಹಳೆಯ ಸೀರೆ ತೆಗೆದೆ. ಅತ್ತೆಯವರು ಕಣ್ಣು ಮಂಜಾಗಿದ್ದರೂ ಸೂಜಿ ಹಿಡಿದರು. ಕೌದಿಯ ಹಾಗೆ ಪದರು ಹಾಸಿ ಹೊಲಿದರು, ನಾನು ಕತ್ತರಿಸಿ ತೋಳಿಲ್ಲದ ಜಾಕೀಟು ಮಾಡಿಕೊಂಡೆ. ಎರಡು ಆಳವಾದ ಕಿಸೆ, ಒಳಗೊಂದು ಕಳ್ಳಕಿಸೆ. ಈಗ ಇಂತಹ ಕೌದಿ ಜಾಕೀಟುಗಳನ್ನು ದೊಡ್ಡ ಪಟ್ಟಣದ ಮೇಳಗಳಲ್ಲಿ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಹಳ್ಳಿಯ ಮುದುಕಿಯ ಹೊಲಿಗೆ ಪಟ್ಟಣದ ಹುಡುಗಿಯ ಮೈಮೇಲೆ ಫ್ಯಾಶನ್ನು. ಹೊಲಿದ ಮುದುಕಿಗೆ ಆ ವರ್ಷವೂ ಸೆರಗೇ.

ಹೊಲಿಸುವುದು ಆಗದವರು ಕೊಳ್ಳಬಹುದು. ದೀಪಾವಳಿ ಮುಗಿಯುತ್ತಲೇ ಬೆಳಗಾವಿ, ಹುಬ್ಬಳ್ಳಿಯ ಕಡೆ ಟಿಬೆಟಿನ ಹೆಣ್ಣುಮಕ್ಕಳು ಸ್ವೆಟರುಗಳ ಅಂಗಡಿ ಹಾಕುತ್ತಾರೆ. 1960ರ ದಶಕದಲ್ಲಿ ಮುಂಡಗೋಡಕ್ಕೆ ಬಂದು ನೆಲೆಸಿದ ಜನ ಅವರು. ಹೆಚ್ಚಿನ ಮಾಲು ಲೂಧಿಯಾನಾದ್ದು. ಆ ಹೆಣ್ಣುಮಕ್ಕಳನ್ನು ನೋಡಿ: ಉದ್ದನೆಯ ಉಡುಪಿನ ಒಳಗೆ ತುಂಬುತೋಳಿನ ಅಂಗಿ, ಮೇಲೆ ಸ್ವೆಟರು, ಮುಂದೆ ಪಟ್ಟೆಯ ಹೊದಿಕೆ. ಮೈಯಲ್ಲೇ ಪಾಠವಿದೆ. ನಮ್ಮವರು ಅಲ್ಲಿ ಹೋಗಿ ಮೊದಲು ಗಂಡನ ಅಳತೆ ಹೇಳುತ್ತಾರೆ, ಆಮೇಲೆ ಮಗನದು, ಮಾವನದು. ದುಡ್ಡು ಮುಗಿದ ಮೇಲೆ ತಮ್ಮ ಕಡೆ ನೋಡಿಕೊಂಡು, "ಮುಂದಿನ ವರ್ಷ ನೋಡೂಣು" ಎನ್ನುತ್ತಾರೆ. ಈ ಕ್ರಮವನ್ನು ತಿರುಗಿಸಿ ಎಂಬುದಷ್ಟೇ ನನ್ನ ಕೇಳಿಕೆ. ನಸುಕಿನಲ್ಲಿ ಯಾರು ಮೊದಲು ಏಳುತ್ತಾರೋ ಅವರ ಅಳತೆ ಮೊದಲು.

ಕಳೆದ ಸಂಕ್ರಮಣಕ್ಕೆ ನಾದಿನಿ ಮೂಡಲಗಿಯಿಂದ ಬಂದಿದ್ದಳು. ಅವಳನ್ನೂ ನಮ್ಮ ತವರಿನ ಊರಿಗೇ ಕೊಟ್ಟದ್ದು, ಅವರ ಮನೆಯಲ್ಲೂ ಎಮ್ಮೆಗಳಿವೆ. ಉಡಿ ತುಂಬುವಾಗ ಎಳ್ಳು ಬೆಲ್ಲದ ಜೊತೆ ಖಣದ ಬದಲು ಕಂದು ಬಣ್ಣದ ಗುಂಡಿ ಸ್ವೆಟರೊಂದನ್ನು ಇಟ್ಟೆ. ಅತ್ತೆಯವರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ತಾವೇ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದರು. ನಾದಿನಿ ಅದನ್ನು ಬಿಡಿಸಿ, ಎರಡೂ ಕಿಸೆಯಲ್ಲಿ ಕೈ ಹಾಕಿ ನೋಡಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ವೈನಿ, ಇದನ್ನ ಬಿಸಿನೀರಾಗ ಒಗೀಬೇಕೋ, ತಣ್ಣೀರಾಗೋ?"

"ತಣ್ಣೀರಾಗ. ಹಿಂಡಬ್ಯಾಡ, ಗಳದ ಮ್ಯಾಲ ಜೋತ ಹಾಕಬ್ಯಾಡ. ಚಾಪಿ ಮ್ಯಾಲ ಹಾಸಿ ನೆರಳಾಗ ಒಣಗಸು" ಎಂದೆ.